ಮೂರು ಬೆರಳಿನ ಮಿಸ್ತ್ರಿ

ಅಪ್ಪಾ,

ನಾನು, ನಿನ್ನ ಮಗಳು ನೀಲಾ. ಈ ಕಾಗದವನ್ನು ಮೂರು ಸಲ ಶುರು ಮಾಡಿ ಹರಿದು ಹಾಕಿದ್ದೇನೆ. ಎರಡು ತಿಂಗಳ ಹಿಂದಿನ ಒಂದು ಭಾನುವಾರ ನಮ್ಮ ಅಡುಗೆಮನೆಯ ಬಾಗಿಲ ಹತ್ತಿರ ಕಂಡದ್ದು ನನಗಿನ್ನೂ ಅರಗಿಲ್ಲ. ಆಫೀಸಿನಲ್ಲಿ ಕೂತಾಗ, ಬಸ್ಸಿಗೆ ಕಾಯುವಾಗ ಇದ್ದಕ್ಕಿದ್ದಂತೆ ಅದು ಕಣ್ಣ ಮುಂದೆ ಬರುತ್ತದೆ. ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ನೀನು ಹೋದ ಮೇಲೆ ಖಾನಾಪುರದ ಬಾಡಿಗೆ ಮನೆಯನ್ನೂ ಅದರ ಹಿಂದಿನ ಕೆಲಸದ ಶೆಡ್ಡನ್ನೂ ಬಿಟ್ಟುಕೊಟ್ಟು ಅವ್ವನನ್ನು ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಗೆ ಕರೆತಂದೆ. ಪಾತ್ರೆ ಪಗಡೆಯನ್ನೆಲ್ಲ ಅವ್ವ ಅಕ್ಕಪಕ್ಕದವರಿಗೆ ಹಂಚಿದಳು. ಉಳಿ, ಗರಗಸ, ಕಟ್ಟಿಗೆ ಹೆರೆಯುವ ರಂಧಾ ಇದ್ದ ಪೆಟ್ಟಿಗೆಯನ್ನು ಮಾತ್ರ ಯಾರು ಕೇಳಿದರೂ ಕೊಡಲಿಲ್ಲ. ಗಂಡನ ನೆನಪಿಗೆ ಇಟ್ಟುಕೊಂಡಿದ್ದಾಳೆ ಅಂತ ನಾವೆಲ್ಲ ಅಂದುಕೊಂಡೆವು. ನಮ್ಮದು ಹಳೆಯ ಮನೆ, ನಿನಗೆ ಗೊತ್ತೇ ಇದೆ. ಬಾಗಿಲುಗಳಿಗೆಲ್ಲ ಗೆದ್ದಲು. ನಾನು ಫೋನಿನಲ್ಲಿ ನೋಡಿ ನೋಡಿ ಭಾನುವಾರಕ್ಕೊಂದು ರಿಪೇರಿ ಶುರು ಹಚ್ಚಿಕೊಂಡೆ. ಮೊದಲು ಒಂದು ಶೆಲ್ಫು, ಆಮೇಲೆ ಬಚ್ಚಲಿನ ಬಾಗಿಲು. ನನ್ನ ಗಂಡ ಮಹೇಶ ಆರಂಭದಲ್ಲಿ ನಕ್ಕರು, ಆಮೇಲೆ ಹಲಗೆ ಹಿಡಿಯಲು ಬಂದರು. ನಿನ್ನ ಪೆಟ್ಟಿಗೆ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಖಡೇಬಜಾರಿನಿಂದ ಹೊಸ ಉಳಿ ತಂದಿದ್ದೆ.

ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ನಿನ್ನ ಶೆಡ್ಡಿನೊಳಗೆ ನುಗ್ಗಿ, ಒಂದು ತುಂಡಿನ ಮೇಲೆ ನನ್ನ ಹೆಸರು ಕೊರೆಯುತ್ತ ಕೂತಿದ್ದೆ. ನೀನು ಬಂದವನು ಬೈಯಲಿಲ್ಲ. ಉಳಿಯನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡೆ. “ಇದು ಹೆಣ್ಣಮಕ್ಕಳ ಕೆಲಸ ಅಲ್ಲವ್ವಾ. ನೀ ಸಾಲಿ ಕಲಿ” ಅಂದೆ. ಮರುದಿನದಿಂದ ಶೆಡ್ಡಿಗೆ ಒಳಗಿನಿಂದ ಚಿಲಕ ಬಿತ್ತು. ನಾನು ಸಾಲೆ ಕಲಿತೆ, ನೌಕರಿ ಹಿಡಿದೆ. ಆದರೆ ಹಸಿ ಕಟ್ಟಿಗೆಯ ವಾಸನೆ ಬಂದ ಕಡೆ ಕಾಲು ತಾನಾಗಿ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಆ ಭಾನುವಾರ ಅಡುಗೆಮನೆಯ ಬಾಗಿಲಿಗೆ ಹೊಸ ಚೌಕಟ್ಟು ಕೂಡಿಸುತ್ತಿದ್ದೆ. ನಿಲುವು ಕಟ್ಟಿಗೆಯ ತುದಿ ಮೇಲಿನ ಅಡ್ಡ ಕಟ್ಟಿಗೆಯ ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಎರಡು ಸಲ ಕೆತ್ತಿದೆ, ಕೂರಲಿಲ್ಲ. ಮೂರನೆಯ ಸಲ ಸಿಟ್ಟಿನಿಂದ ಬಡಿಯತೊಡಗಿದೆ. ಹಿತ್ತಲ ಮೆಟ್ಟಿಲ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅವ್ವ ಎದ್ದು ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, “ಬಿಡು. ಹಿಂಗ ಬಡದ್ರ ಸೀಳತೈತಿ” ಅಂದಳು. ನನ್ನ ಉಳಿಯ ಬಾಯಿಗೆ ಹೆಬ್ಬೆರಳು ಸವರಿ ನೋಡಿ ಮುಖ ಸಿಂಡರಿಸಿದಳು. ಒಳಗೆ ಹೋಗಿ ಪೆಟ್ಟಿಗೆಯಿಂದ ಬೇರೆ ಉಳಿ ತಂದಳು. ಸೀರೆ ಎತ್ತಿ ಕಟ್ಟಿ, ಕಟ್ಟಿಗೆಯನ್ನು ಪಾದದಿಂದ ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದಳು. ಆಮೇಲೆ ಕೆತ್ತಿದಳು. ಕಾಗದದಷ್ಟು ತೆಳ್ಳಗಿನ ಸಿಪ್ಪೆ ಸುರುಳಿ ಸುರುಳಿಯಾಗಿ ಅವಳ ಕಾಲ ಮೇಲೆ ಬೀಳುತ್ತಿತ್ತು. ಒಂದು ಹೆಚ್ಚಿನ ಪೆಟ್ಟಿಲ್ಲ, ಎಲ್ಲಿಯೂ ತಡವರಿಕೆಯಿಲ್ಲ. ಕೊನೆಗೆ ಕೊಡತಿಯಿಂದ ಎರಡು ಸಲ ತಟ್ಟಿದಳು. ತುದಿ ತೂತಿನಲ್ಲಿ ಕೂತಿತು. ಕೂದಲು ತೂರುವಷ್ಟೂ ಸಂದಿಲ್ಲ. ಅವ್ವ ಕಾಲ ಮೇಲಿನ ಸಿಪ್ಪೆ ಕೊಡವಿಕೊಂಡು ಹೋಗಿ ಮತ್ತೆ ಮೆಂತ್ಯದ ಸೊಪ್ಪಿನ ಮುಂದೆ ಕೂತಳು.

ನಾನು ನಿಂತೇ ಇದ್ದೆ. ಕೈಯಲ್ಲಿದ್ದ ಅಳತೆಪಟ್ಟಿ ಯಾವಾಗ ಬಿತ್ತೋ ತಿಳಿಯಲಿಲ್ಲ. ಅರವತ್ತು ದಾಟಿದ ನನ್ನ ಅವ್ವ. ಗೋಡೆಗೆ ಒಂದು ಮೊಳೆ ಹೊಡೆದದ್ದನ್ನೂ ನಾನು ನೋಡಿರದ ಅವ್ವ…

“ಯಾರ್ ಕಲಿಸಿದ್ರವ್ವಾ?” ಅಂದೆ.

“ಮತ್ಯಾರು? ನಿಮ್ಮಪ್ಪ.”

“ಯಾವಾಗ?”

ಅವಳು ಸೊಪ್ಪಿನ ಮೇಲಿಂದ ಕಣ್ಣೆತ್ತಲಿಲ್ಲ. “ಅವರ ಕೈ ಹ್ವಾದ ಮ್ಯಾಲ” ಅಂದಳು.

ನಿನ್ನ ಕೈ ಹೋದ ದಿನ ನನಗೆ ಮಸುಕಾಗಿ ನೆನಪಿದೆ. ನನಗಾಗ ಒಂಬತ್ತು ವರ್ಷ. ಕಟ್ಟಿಗೆ ಕೊಯ್ಯಿಸಲು ಮಿಲ್ಲಿಗೆ ಹೋದವನು ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಬಂದಿದ್ದೆ. ಹೆಬ್ಬೆರಳು, ತೋರುಬೆರಳು ಎರಡೂ ಇರಲಿಲ್ಲ. ಮುಂದಿನದು ಊರಿಗೇ ಗೊತ್ತಿದ್ದ ಕಥೆ. ಈರಪ್ಪ ಮಿಸ್ತ್ರಿ ಆರು ತಿಂಗಳು ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಎಡಗೈಯಿಂದ ಕೆಲಸ ಕಲಿತ, ಮೂರು ಬೆರಳಿನ ಕೈಯನ್ನು ಆಸರೆ ಮಾಡಿಕೊಂಡು ವಕೀಲರ ಮನೆಯ ಆ ದೊಡ್ಡ ಸಾಗವಾನಿ ಬಾಗಿಲು ಮುಗಿಸಿದ, ಅದರ ಮೇಲಿನ ಹೂಬಳ್ಳಿ ನೋಡಲು ಬೆಳಗಾವಿಯಿಂದ ಜನ ಬಂದರು. ಈ ಕಥೆ ಕೇಳುತ್ತ ಬೆಳೆದವಳು ನಾನು. ಸಾಲೆಯಲ್ಲಿ ಇದನ್ನೇ ಪ್ರಬಂಧ ಬರೆದು ಬಹುಮಾನ ತಂದಿದ್ದೆ. ನೀನು ಅದನ್ನು ಓದಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ, ನೆನಪಿದೆಯಾ?

ಅವ್ವ ಆ ಮಧ್ಯಾಹ್ನ ಹೇಳಿದ ಕಥೆಯೇ ಬೇರೆ. ಎಡಗೈಯಿಂದ ನೀನು ಪ್ರಯತ್ನ ಮಾಡಿದ್ದು ಖರೆ. ಒಂದು ತಿಂಗಳು ಒದ್ದಾಡಿದೆಯಂತೆ, ಹಲಗೆಯ ಮೇಲೆ ಹಣೆಯಿಟ್ಟು ಅತ್ತಿದ್ದೆಯಂತೆ. ಆಗ ಅವ್ವ ಉಳಿ ಎತ್ತಿಕೊಂಡು, ನೀವು ಬಾಯಿಂದ ಹೇಳಿರಿ, ನಾನು ಕೈಯಿಂದ ಮಾಡುತ್ತೇನೆ ಅಂದಳಂತೆ. ನೀನು ಸ್ಟೂಲಿನ ಮೇಲೆ ಕೂತು ಹೇಳಿದೆ. ಅವಳು ಕೆಡಿಸಿದಳು, ಮತ್ತೆ ಮಾಡಿದಳು. ಆರು ತಿಂಗಳು ಕಲಿತವಳು ಅವಳು. ಬರಬರುತ್ತ ನೀನು ಹೇಳಬೇಕಾದ ಅಗತ್ಯವೂ ಬೀಳಲಿಲ್ಲ.

ನಾನು ಒಂದೊಂದೇ ಕೇಳುತ್ತ ಹೋದೆ. ಸಾಲೆಯ ಕಪಾಟು? ತಾನು ಅಂದಳು. ವಕೀಲರ ಮನೆಯ ಬಾಗಿಲು? ತಾನು. ಸೋದರಮಾವನ ಮಗುವಿನ ತೊಟ್ಟಿಲು? ತಾನು. ನನ್ನ ಮದುವೆಗೆ ನೀನು ಕೊಟ್ಟ ಮಂಚ? ಅವ್ವ ತಲೆಯನ್ನಷ್ಟೇ ಆಡಿಸಿದಳು. ಹದಿನಾಲ್ಕು ವರ್ಷದಿಂದ ಆ ಮಂಚದ ಮೇಲೆ ಮಲಗುತ್ತಿದ್ದೇನೆ ಅಪ್ಪಾ. ಬಂದವರಿಗೆಲ್ಲ, ನಮ್ಮಪ್ಪನ ಕೈಕೆಲಸ ಅಂತ ತೋರಿಸಿದ್ದೇನೆ. ಎಷ್ಟೋ ಸಲ ಪಕ್ಕದಲ್ಲೇ ಅವ್ವ ನಿಂತಿರುತ್ತಿದ್ದಳು.

“ಹಂಗಾರ ಅಪ್ಪ ಏನ್ ಮಾಡತಿದ್ದಾ?” ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು.

ಅವ್ವ ಮೊದಲ ಸಲ ನನ್ನ ಮುಖ ನೋಡಿದಳು. “ಅಳತಿ ತರತಿದ್ರು. ಜೋಡಸಾಕ ಹೋಗತಿದ್ರು. ಮುಂಜಾನೆದ್ದು ಎಲ್ಲಾ ಉಳಿ ಮಸದು ಇಡತಿದ್ರು. ಇಷ್ಟ್ ವರ್ಷದಾಗ ಒಂದಿನಾನೂ ನನ್ನ ಕೈಯಾಗ ಮೊಂಡ ಉಳಿ ಕೊಟ್ಟಿಲ್ಲ ನಿಮ್ಮಪ್ಪ.”

ಏಳನೇ ಇಯತ್ತೆಯಲ್ಲಿದ್ದಾಗಿನ ಒಂದು ದಿನ ಆಗ ನೆನಪಿಗೆ ಬಂತು. ಸಾಲೆ ಬೇಗ ಬಿಟ್ಟಿತ್ತು. ಖಾನಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ನೀನು ಚಹಾ ಕುಡಿಯುತ್ತ ಕೂತದ್ದನ್ನು ನೋಡಿ ಕೈ ಬೀಸಿ ಮನೆಗೆ ಬಂದೆ. ಶೆಡ್ಡಿನಲ್ಲಿ ರಂಧಾ ಎಳೆಯುವ ಸಪ್ಪಳ ಕೇಳಿಸುತ್ತಿತ್ತು. ಅವ್ವಾ ಅಂತ ಕೂಗಿದೆ, ಸಪ್ಪಳ ನಿಂತಿತು. ಕಸ ಗುಡಿಸುತ್ತಿದ್ದೆ ಅನ್ನುತ್ತ ಅವ್ವ ಹೊರಗೆ ಬಂದಳು. ಕೂದಲ ತುಂಬ ಕಟ್ಟಿಗೆಯ ಪುಡಿ. ಗುಡಿಸಿದರೆ ಅಷ್ಟು ಪುಡಿ ಏಳುತ್ತದೆಯೇ? ನಾನು ಬುತ್ತಿ ಡಬ್ಬಿ ಅವಳ ಕೈಗೆ ಕೊಟ್ಟು ಆಡಲು ಓಡಿದ್ದೆ. ಎಷ್ಟು ಕುರುಡಿ ಇರಬಹುದು ಒಬ್ಬ ಮಗಳು?

ನೀನು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ನಾನು ಮೈಕು ಹಿಡಿದು ಮಾತಾಡಿದ್ದನ್ನು ನೆನೆದರೆ ಈಗ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ. ಕಾಯಕ ಅಂದರೆ ನಮ್ಮಪ್ಪ, ಮೂರು ಬೆರಳಿನಿಂದ ನಮ್ಮನ್ನು ಸಾಕಿದ ಅಂದೆ. ಜನ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಅವ್ವ ಸೀರೆಯ ಅಂಚಿನ ಒಂದು ಎಳೆಯನ್ನು ಎಳೆಯುತ್ತ ಕೂತಿದ್ದಳು. ಎಂದೂ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, “ನೀ ಕೇಳಿದ್ದೆಲ್ಲಾ ನಿಮ್ಮಪ್ಪನ್ನ. ನನ್ನ ಏನ್ ಕೇಳಿದ್ದಿ?” ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಿಟ್ಟು ಬಂದದ್ದು ನನಗೆ, ನಿನ್ನ ಮೇಲೆ. ಮನೆಯೊಳಗೆ ಹೆಂಡತಿಯ ಕೈಯಿಂದ ಅಂಥ ಕೆಲಸ ನಡೆಯುತ್ತಿರುವಾಗ ಮಗಳಿಗೆ, ಇದು ಹೆಣ್ಣುಮಕ್ಕಳ ಕೆಲಸವಲ್ಲ ಅನ್ನಲು ನಿನಗೆ ನಾಲಿಗೆ ಹೇಗೆ ಬಂತು? ಗುಟ್ಟು ನನ್ನ ಬಾಯಿಂದ ಹೊರಗೆ ಬೀಳುತ್ತದೆ ಅಂತ ಹೆದರಿದೆಯಾ? ಹೆಂಗಸು ಮಾಡಿದ್ದು ಅಂದರೆ ಜನ ಕೆಲಸ ಕೊಡುತ್ತಿರಲಿಲ್ಲ, ಮನೆ ನಡೆಯುತ್ತಿರಲಿಲ್ಲ, ಅದು ಅರ್ಥವಾಗುತ್ತದೆ. ಆಮೇಲೆ? ನಾವೆಲ್ಲ ದಡ ಸೇರಿದ ಮೇಲೆ ಒಂದು ದಿನ, ಒಂದೇ ಒಂದು ದಿನ ನಮ್ಮನ್ನು ಕೂರಿಸಿಕೊಂಡು…

ಮುಂದಿನ ಭಾನುವಾರ ನಾನೇ ಹಟ ಹಿಡಿದು ಅವ್ವನನ್ನು ಖಾನಾಪುರದ ಬಸ್ಸು ಹತ್ತಿಸಿದೆ. ವಕೀಲರ ಮನೆಯ ಆ ಬಾಗಿಲನ್ನು ಮತ್ತೊಮ್ಮೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಬಸ್ಸಿನಲ್ಲಿ ಅವ್ವ ಇನ್ನೊಂದು ಮಾತು ಹೇಳಿದಳು. ಆ ಬಾಗಿಲನ್ನು ಚೌಕಟ್ಟಿನಲ್ಲಿ ನಿಲ್ಲಿಸಿದ್ದನ್ನು ಅವಳು ಎಂದೂ ಎದುರಿನಿಂದ ನೋಡಿಲ್ಲವಂತೆ. ಜೋಡಿಸುವ ದಿನ ಜೊತೆಗೆ ಬಂದರೆ ಜನಕ್ಕೆ ಸಂಶಯ ಬರುತ್ತದೆ ಅಂತ ನೀನು ಬೇಡ ಅಂದೆಯಂತೆ. ಆಮೇಲೆ ಸಂತೆಗೆ ಹೋಗುವಾಗ ಬರುವಾಗ ರಸ್ತೆಯಿಂದ ನೋಡಿದ್ದಷ್ಟೆ. ಹಗಲು ಹೊತ್ತು ಬಾಗಿಲು ತೆರೆದೇ ಇರುತ್ತಿತ್ತು, ಅಂಚು ಮಾತ್ರ ಕಾಣುತ್ತಿತ್ತಂತೆ. ಇಪ್ಪತ್ತೊಂಬತ್ತು ವರ್ಷ, ಅಪ್ಪಾ.

ವಕೀಲರು ಈಗಿಲ್ಲ. ಅವರ ಹೆಂಡತಿ, ಕಾಕುಬಾಯಿ ಅಂತ ನಾವು ಕರೆಯುತ್ತಿದ್ದೆವಲ್ಲ, ಅವರೇ ಇದ್ದರು. ಕುಂದರ್ರಿ ಅಂತ ಉಪಚಾರ ಮಾಡಿ ಮರಾಠಿ ಕನ್ನಡ ಬೆರೆಸಿ ನಿನ್ನನ್ನು ಹೊಗಳಿದರು. ನಾನು, ಬಾಗಿಲು ಮುಚ್ಚಿ ತೋರಿಸುತ್ತೀರಾ ಅಂತ ಕೇಳಿದೆ. ನಾವು ಅಂಗಳಕ್ಕಿಳಿದು ನಿಂತೆವು. ಎರಡೂ ಕದ ಕೂಡಿಕೊಂಡವು. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ ಬಗ್ಗಿ, ಕೆಳಗಿನ ಮೂಲೆಯ ಒಂದು ಹೂವಿನ ಎಸಳ ಮೇಲೆ ಬೆರಳಿಟ್ಟಳು. ಅದು ಕೆತ್ತುವಾಗ ಒಡೆದಿತ್ತಂತೆ, ಬೇರೆ ತುಂಡು ಕೂಡಿಸಿದ್ದಳಂತೆ. ನಾನೂ ಬೆರಳಾಡಿಸಿದೆ. ಕಣ್ಣಿಗೆ ಕಾಣದ ಒಂದು ಗೆರೆ ಉಗುರಿಗೆ ತಾಗಿತು. ಅಲ್ಲಿಯವರೆಗೂ ನನ್ನೊಳಗಿನ ಯಾವುದೋ ಮೂಲೆ ಅವ್ವನನ್ನು ನಂಬಿರಲಿಲ್ಲ ಅಂತ ಆಗ ತಿಳಿಯಿತು.

ಕಾಕುಬಾಯಿ ಬಾಗಿಲು ತೆರೆದು ಹೊರಗೆ ಬಂದರು. ಮಹಡಿಯ ಕಿಟಕಿಗಳೆಲ್ಲ ಹುಳ ತಿಂದು ಹೋಗಿವೆ, ಹೊಸದನ್ನು ಮಾಡಿಸಬೇಕು, ಈರಪ್ಪ ಮಿಸ್ತ್ರಿಯಂಥ ಕೈ ಈಗ ಎಲ್ಲಿ ಸಿಗಬೇಕು ಅಂತ ನಿಟ್ಟುಸಿರು ಬಿಟ್ಟರು.

“ನಾ ಮಾಡತೇನ್ರಿ” ಅಂದಳು ಅವ್ವ.

ಯಾರನ್ನಾದರೂ ಹಚ್ಚಿ ಮಾಡಿಸುತ್ತೀರಾ, ಒಳ್ಳೆಯದಾಯಿತು ಅಂದರು ಅವರು.

“ಹಚ್ಚೂದಲ್ರೀ. ನಾನ ಮಾಡತೇನಿ. ಈ ಬಾಗಲಾನೂ ನಾನ ಮಾಡೇನ್ರಿ.”

ಕಾಕುಬಾಯಿ ನನ್ನ ಮುಖ ನೋಡಿದರು. ನಾನು ಹೌದು ಅಂದೆ. ಆ ಒಂದು ಮಾತಿನಿಂದ ನಿನ್ನ ಕಥೆ ಮುಗಿಯುತ್ತದೆ ಅಂತ ಗೊತ್ತಿತ್ತು ಅಪ್ಪಾ, ಆದರೂ ಹೌದು ಅಂದೆ. ಅವರು ಬಾಗಿಲು ನೋಡಿದರು, ಅವ್ವನ ಕೈ ನೋಡಿದರು. ಅವ್ವ ಎರಡೂ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋಗಿ ಸುಮ್ಮನಾದಳು. ಕಾಕುಬಾಯಿ ನಗಲಿಲ್ಲ. “ಮ್ಯಾಲ ಬರ್ರಿ, ಕಿಡಕಿ ತೋರಸತೇನಿ” ಅಂತ ಮೆಟ್ಟಿಲು ಹತ್ತಿದರು.

ನಾಲ್ಕು ಕಿಟಕಿಗಳಲ್ಲಿ ಮೂರು ಮುಗಿದಿವೆ. ನಮ್ಮ ಹಿತ್ತಲೇ ಈಗ ಶೆಡ್ಡು, ಚಿಲಕವಿಲ್ಲದ್ದು. ಓಣಿಯ ಹೆಂಗಸರು ನಿಂತು ನೋಡಿ ಹೋಗುತ್ತಾರೆ. ಭಾನುವಾರ ನಾನು ಕೈಯಾಳು, ಬೈಸಿಕೊಳ್ಳುವುದೇ ಹೆಚ್ಚು. ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ? ಅವ್ವ ಮಾತ್ರ ನಿನ್ನ ಬಗ್ಗೆ ಒಂದು ಮಾತು ಆಡಗೊಡುವುದಿಲ್ಲ.

ನಿನಗೆ ತಿಳಿಸಬೇಕಾದ ಸುದ್ದಿ ಇನ್ನೊಂದಿದೆ. ನಿನ್ನೆ ಮುಂಜಾನೆ ಫೋನು ಬಂತು. ಖಾನಾಪುರದಿಂದ ಯಾರೋ ಗೊತ್ತಿಲ್ಲದವರು. ದೇವರ ಕೋಣೆಗೆ ಬಾಗಿಲು ಬೇಕಂತೆ, ಕಾಕುಬಾಯಿ ಹೆಸರು ಹೇಳಿದರು. “ಗೌರವ್ವ ಮಿಸ್ತ್ರಿ ಅದಾರೇನ್ರಿ?” ಅಂತ ಕೇಳಿದರು. ಅವ್ವನ ಹೆಸರಿನ ಮುಂದೆ ಮಿಸ್ತ್ರಿ ಅಂತ ಕೇಳಿದ್ದು ಅದೇ ಮೊದಲು. ಹಿತ್ತಲಲ್ಲಿ ರಂಧಾ ಓಡುತ್ತಿತ್ತು.

“ಅದಾರ್ರಿ” ಅಂದೆ. “ಕೆಲಸದಾಗ ಅದಾರ. ಒಂದ್ ತಾಸ ಬಿಟ್ಟು ಮಾಡ್ರಿ.”

ನಿನ್ನ,
ನೀಲಾ