ಬಾಗಿಲ ಮೇಲಿನ ಯುದ್ಧಭೂಮಿ

ಗಜೇಂದ್ರಗಡ
ನವೆಂಬರ್ ೧೨, ಬುಧವಾರ

ಪಲ್ಲವರ ಸೇನಾಪತಿ, ನನ್ನ ಹಳೆಯ ವೈರಿ ರಾಯಣ್ಣನಿಗೆ ಚಾಲುಕ್ಯರ ಕಡೆಯ ನಿಜಲಿಂಗಪ್ಪನ ನಮಸ್ಕಾರ.

ನಿನ್ನ ಒಂಬತ್ತನೆಯ ಪತ್ರ ನಿನ್ನೆ ಕೈಸೇರಿತು. ನಿನ್ನ ಮಣ್ಣಿನ ಕುದುರೆಗಳು ಹಳ್ಳ ದಾಟಿ ಬಂದು ನನ್ನ ರಾಜನನ್ನು ಮೂರು ಕಡೆಯಿಂದ ಮುತ್ತಿವೆ, ನಾಲ್ಕನೆಯ ಕಡೆ ಗುಡ್ಡ. ಅಮಾವಾಸ್ಯೆಗೆ ಹೇಗೂ ನಿನ್ನ ಮಗ್ಗಕ್ಕೆ ರಜೆ, ಅವತ್ತು ಖುದ್ದಾಗಿ ಬಂದು ಎದುರಿಗೆ ಕೂತು ಆಟ ಮುಗಿಸುತ್ತೇನೆ ಎಂದು ಬರೆದಿದ್ದೀಯ. ರಾಜನ ಗತಿ ಹಾಗಿರಲಿ, ಸಿಕ್ಕಿಬಿದ್ದವನು ನಾನು.

ಹೇಳಿಬಿಡುತ್ತೇನೆ. ನಮ್ಮ ಯುದ್ಧಭೂಮಿ ಈಗಿಲ್ಲ. ನಾವಿಬ್ಬರೂ ಕೂಡಿ ಹಳ್ಳ, ಗುಡ್ಡ, ಕೋಟೆ ಬರೆದು ಸೇನೆ ಹೂಡುತ್ತಿದ್ದ ಆ ದೊಡ್ಡ ಹಲಗೆ ಒಳಕೋಣೆಯಿಂದ ಕಳಚಿ ತಂದ ಬಾಗಿಲೆಂಬುದು ನಿನಗೆ ಗೊತ್ತೇ ಇದೆ. ಹದಿನೆಂಟು ವರ್ಷ ಆ ಕೋಣೆಗೆ ಪರದೆಯೇ ಸಾಕಾಗಿತ್ತು. ಶ್ರಾವಣದಲ್ಲಿ ಮಗಳು ಮಧುಮತಿ ಹೆರಿಗೆಗೆ ಬಂದಳು. ನನ್ನಾಕೆ ಶಂಕ್ರವ್ವ ಸೊಂಟಕ್ಕೆ ಕೈಯಿಟ್ಟು, "ಬಾಣಂತಿ ಖೋಲಿಗೆ ಬಾಗಲಾ ಬ್ಯಾಡೇನ್ರಿ? ಥಂಡಿ ಗಾಳಿ ಬಡದ್ರ ನಿಮ್ಮ ಆನಿ ಬಂದು ಕೂಸಿನ್ನ ನೋಡ್ತಾವೇನು?" ಎಂದಳು. ಅರ್ಧ ತಾಸಿನಲ್ಲಿ ಎರಡೂ ಸೇನೆಗಳು ಬಿಸ್ಕೀಟಿನ ಡಬ್ಬಿ ಸೇರಿದವು, ಬಾಗಿಲು ಮತ್ತೆ ಬಾಗಿಲಾಯಿತು.

ಅವತ್ತೇ ನಿನಗೆ ತಿಳಿಸಲು ಕೂತಿದ್ದೆ. ಅಷ್ಟರಲ್ಲಿ ನಿನ್ನ ಮೊದಲ ಪತ್ರ ಬಂತು. ಹೊಳೆ ಬಂದು ಸೇತುವೆ ಮುಳುಗಿದೆ, ನಮ್ಮ ಕೊಣ್ಣೂರಿಗೆ ಟಪಾಲು ಸರಿಯಾಗಿ ಬರುತ್ತಿಲ್ಲ, ರೋಣದ ತಂಗಿ ಹುಚ್ಚವ್ವನ ವಿಳಾಸಕ್ಕೆ ಬರೆ ಎಂದಿದ್ದೆ. ಫೋನ್ ಬೇಡ, ರಾಜರ ಕಾಲದಂತೆ ಓಲೆಯಲ್ಲೇ ಯುದ್ಧ ಮುಂದುವರಿಸೋಣ, ನನ್ನ ಮನೆಯಲ್ಲೂ ಅಂಥದ್ದೇ ಹಲಗೆ, ಅಂಥವೇ ಆನೆ ಕುದುರೆ ಮಾಡಿಟ್ಟಿದ್ದೇನೆ ಎಂದಿದ್ದೆ. ಕೆಳಗೊಂದು ಸಾಲು: "ಈಗ ನನಗ ಉಳದದ್ದು ಈ ಆಟ ಒಂದ ನೋಡಪಾ." ತಮಾಷೆ ಎಂದುಕೊಂಡೆ. ಆದರೂ ಹಲಗೆ ತೆಗೆದೆನೆಂದು ಬರೆಯಲು ಕೈ ಬರಲಿಲ್ಲ. ಎಲ್ಲ ಇಟ್ಟಲ್ಲೇ ಇದೆ ಎಂದು ಬರೆದೆ.

ಮೂರು ತಿಂಗಳಿಂದ ಇದೇ ನಡೆದಿದೆ. ಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತರೆ ಎದುರಿಗೇ ಆ ಬಾಗಿಲು. ಲಾಳಿ ಎಸೆಯುತ್ತ ಅದನ್ನೇ ನೋಡುತ್ತೇನೆ. ಹಳ್ಳ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದಿದೆ, ನನ್ನ ರಾಜ ನಿಂತಿರಬೇಕಾದ ಜಾಗದಲ್ಲಿ ಚಿಲಕವಿದೆ. ಯಾರು ಎಲ್ಲಿದ್ದಾರೆಂಬುದೆಲ್ಲ ನೆನಪಿನ ಮೇಲೆ. ಒಳಗೆ ಕೂಸು ಅಳುತ್ತದೆ, ಯಾರೋ ಬಾಗಿಲು ತೆರೆಯುತ್ತಾರೆ, ನನ್ನ ಬಿಲ್ಲುಗಾರರು ಯಾವ ಕಡೆ ಇದ್ದರೆಂಬುದೇ ಮರೆತುಹೋಗುತ್ತದೆ. ಎದ್ದು ಹೋಗೋಣವೆಂದರೆ ಸೀರೆ ಮುಗಿದಿರುವುದಿಲ್ಲ. ಒಂದು ಸುಳ್ಳು ಉಳಿಸಿಕೊಳ್ಳಲು ಎಂಟು ಪತ್ರ ಬರೆದೆ, ದೋಸ್ತ.

ಇನ್ನೊಂದಿದೆ. ಇದನ್ನು ಬರೆಯುವ ಮುಂಚೆ ಎರಡು ಸಲ ಎದ್ದು ನೀರು ಕುಡಿದು ಬಂದೆ. ಆರನೆಯ ಪತ್ರದ ಹೊತ್ತಿಗೆ ನಾನು ದಾಳ ಎಸೆದಾಗ ಬಿದ್ದದ್ದು ಒಂದು. ಆರು ಎಂದು ಬರೆದೆ. ಖರೇ ಹೇಳಿದ್ದರೆ ಅವತ್ತೇ ನನ್ನ ರಾಜ ಸಾಯುತ್ತಿದ್ದ, ಆಟ ಮುಗಿಯುತ್ತಿತ್ತು, ನಿನ್ನ ಪತ್ರಗಳೂ ನಿಲ್ಲುತ್ತಿದ್ದವು. ದಾಳಕ್ಕೆ ಬೆರಳು ತಾಗಿಸಿದನೆಂದು ಮೈಲಾರಪ್ಪನನ್ನು ನೀನು ಆಟದಿಂದ ಎಬ್ಬಿಸಿ ಕಳಿಸಿದ್ದು ನನಗೆ ನೆನಪಿಲ್ಲವೇ? ಎಂಟು ವರ್ಷವಾಯಿತು, ಅವನ ತಂದೆ ತೀರಿಕೊಂಡಾಗಲೂ ನೀನು ಮಾತಾಡಿಸಲಿಲ್ಲ. ನನ್ನನ್ನೂ ಹಾಗೇ ಬಿಟ್ಟುಬಿಡುತ್ತೀಯೆಂದು ಭಯವಾಗುತ್ತದೆ. ಬಿಡಬೇಡ. ಈ ಊರಿನಲ್ಲಿ ಪರಿಚಯದವರು ನೂರು ಮಂದಿ ಇದ್ದಾರೆ, ಗೆಳೆಯನೆಂದರೆ ನೀನೊಬ್ಬನೇ.

ಅಮಾವಾಸ್ಯೆಗೆ ಬಾ. ಬಂದು ಬಾಯಿಗೆ ಬಂದಂತೆ ಬೈ. ಸಿಟ್ಟು ಇಳಿಯದಿದ್ದರೆ ಸೇನೆಯ ಡಬ್ಬಿ ಎತ್ತಿಕೊಂಡು ಹೋಗು.

ಸೋತು ಕೂತಿರುವ ನಿನ್ನ,
ನಿಜಲಿಂಗಪ್ಪ

ತಾ.ಕ.: ಟಪಾಲು ಡಬ್ಬಿಯವರೆಗೆ ಹೋಗಿ ಈ ಪತ್ರ ಹಿಡಿದುಕೊಂಡೇ ಹಿಂದಿರುಗಿದ್ದೇನೆ. ದಾರಿಯಲ್ಲಿ ರೋಣದ ಬಸ್ಸಿನ ಕಂಡಕ್ಟರ್ ಸಲ್ಮಾನ ಸಿಕ್ಕ. ಲಕೋಟೆಯ ಮೇಲಿನ ಹೆಸರು ನೋಡಿ, "ಕೊಣ್ಣೂರ ರಾಯಣ್ಣಾರಿಗೇನ್ರಿ? ಪಾಪ, ಶ್ರಾವಣದಾಗ ಹೊಳಿಗೆ ಮನಿ ಕೊಚ್ಚಿ ಹೋದಾಗಿಂದ ತಂಗಿ ಮನಿ ಪಡಸಾಲ್ಯಾಗ ಅದಾರ್ರಿ. ಮೈಮ್ಯಾಲಿನ ಅರಬಿ ಬಿಟ್ರ ಏನೂ ಉಳದಿಲ್ರಿ" ಎಂದ. ಅಲ್ಲೋ ರಾಯಾ, ನನಗ್ಯಾಕೆ ಹೇಳಲಿಲ್ಲ? ಹಾಗಾದರೆ ನಿನ್ನ ಹಲಗೆ ಎಲ್ಲಿತ್ತು? ನಿನ್ನ ಮಣ್ಣಿನ ಆನೆಗಳು? ನೀನೂ ನೆನಪಿನ ಮೇಲೆಯೇ ಆಡಿದೆಯಾ? ಮೂರು ತಿಂಗಳು ನಾವಿಬ್ಬರೂ ಎಲ್ಲಿ ಯುದ್ಧ ಮಾಡಿದೆವು? ಮೊದಲು ನಗು ಬಂತು, ಆಮೇಲೆ ರಸ್ತೆಯಲ್ಲೇ ನಿಂತು ಅತ್ತೆ. ಶಂಕ್ರವ್ವನಿಗೆ ಎಲ್ಲ ಹೇಳಿದ್ದೇನೆ. ಮಗ್ಗದ ಪಕ್ಕದಲ್ಲಿ ಜಾಗ ಮಾಡಿ ಹಾಸಿಗೆ ಹಾಕಿದ್ದಾಳೆ. ಈ ಪತ್ರವನ್ನು ಸಲ್ಮಾನನ ಕೈಯಲ್ಲೇ ಕೊಡುತ್ತೇನೆ. ಅಮಾವಾಸ್ಯೆಗೆ ಕಾಯಬೇಡ, ಅವನದೇ ಬಸ್ಸು ಹತ್ತು. ಆಟ ನೀನು ಗೆದ್ದೆ. ಇನ್ನು ಮನೆಗೆ ಬಾ.