ಲವಂಗ ಹಾಕಿದ ನೀರು

ಹುಕ್ಕೇರಿ
೧೪-೧೦-೧೯೯೮

ಮೂಡಲಗಿಯ ಅತ್ತೆಯವರಿಗೆ ತ್ರಿಶಲಾ ಮಾಡುವ ಜಯ ಜಿನೇಂದ್ರ.

ಈ ಕಾಗದವನ್ನು ನಾದಿನಿ ಶ್ರದ್ಧಾಳ ಕೈಗೆ ಕೊಟ್ಟು ಓದಿಸಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ. ಅದಕ್ಕೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ನಿಮ್ಮ ಮಗ ಹೋದ ಮೇಲೆ ನಾನು ನಿಮಗೆ ಒಂದು ಸಾಲೂ ಬರೆಯಲಿಲ್ಲ. ಪುರುಸೊತ್ತು ಇರಲಿಲ್ಲ ಎಂದರೆ ಸುಳ್ಳಾದೀತು. ನಿಮ್ಮ ಮೇಲೆ ಅಷ್ಟು ಸಿಟ್ಟಿತ್ತು.

ಅನಂತ ಚತುರ್ದಶಿಯ ದಿನ ಇವರು ನೀರೂ ಮುಟ್ಟದ ಉಪವಾಸದಲ್ಲಿದ್ದರು. ಮಧ್ಯಾಹ್ನದಿಂದಲೇ ಎದೆ, ಬೆನ್ನು ಹಿಡಿದಂತಾಗುತ್ತಿದೆ ಎಂದರು. ಉಪವಾಸದ ವಾಯು ಎಂದು ನಾವೆಲ್ಲ ತಿಳಿದೆವು. ಹೊತ್ತು ಮುಳುಗಿದ ಮೇಲೆ ನೀರು ಕೇಳಿದರು. ನಾನು ತಂಬಿಗೆ ತಂದೆ. "ಸೂರ್ಯಾ ಮುಳುಗ್ಯಾನ, ನಾಳೆ ಪಾರಣಿ ತನಕಾ ತಡಕೊ. ಹತ್ತ ದಿವಸದ ವ್ರತಾ ಹಾಳ ಮಾಡಕೋಬ್ಯಾಡ" ಎಂದು ನೆಂಟರ ಎದುರಿಗೇ ತಂಬಿಗೆಯನ್ನು ನನ್ನ ಕೈಯಿಂದ ಕಿತ್ತಿಟ್ಟಿರಿ. ಆಮೇಲೆ ನೆಂಟರನ್ನು ಬಸದಿಯ ಆರತಿಗೆ ಕಳಿಸಿ, ಅಭಿಷೇಕದ ಗಂಧೋದಕ ತಂದು ಹಣೆಗೆ ಹಚ್ಚು ಎಂದು ನನ್ನನ್ನೂ ಅವರ ಜೊತೆ ಅಟ್ಟಿದಿರಿ. ನಾನು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನ್ನ ಅಣ್ಣ ಭರತೇಶ ಪೊಲೀಸರ ಹತ್ತಿರ ಹೋದ. "ನೀರ ಕೊಡದ ಕೊಂದಾರ್ರಿ" ಎಂದು ಹೇಳಿದ. ಹೆಣವನ್ನು ಗೋಕಾಕದ ಸರ್ಕಾರಿ ದವಾಖಾನೆಗೆ ಒಯ್ಯುವಾಗ ನೀವು ಜೀಪಿಗೆ ಅಡ್ಡ ಬಿದ್ದು, "ನನ್ನ ಕೂಸಿನ ಹೊಟ್ಟಿ ಸೀಳಬ್ಯಾಡ್ರೆಪಾ" ಎಂದು ಅತ್ತಿರಿ. ನಾನು ನಿಮ್ಮನ್ನು ಎಬ್ಬಿಸಲೂ ಬರಲಿಲ್ಲ. ಸೀಳಲಿ, ನಿಮ್ಮ ಹಟ ಏನು ಮಾಡಿತೆಂದು ಊರಿಗೆ ಗೊತ್ತಾಗಲಿ ಎಂದುಕೊಂಡೆ. ದಿನಕರ್ಮ ಮುಗಿದದ್ದೇ ನಮ್ಮ ಮಗ ಶುಭಮನನ್ನು ಎತ್ತಿಕೊಂಡು ತವರಿಗೆ ಬಂದುಬಿಟ್ಟೆ.

ಬೆಳಗಾವಿಗೆ ಪರೀಕ್ಷೆಗೆ ಕಳಿಸಿದ್ದರ ಉತ್ತರ ಬಂದಿದೆ ಎಂದು ಮೊನ್ನೆ ಗೋಕಾಕದ ಡಾಕ್ಟರರು ಕರೆಸಿದ್ದರು. ಭರತೇಶನೂ ನಾನೂ ಹೋದೆವು. ವಯಸ್ಸಾದವರು, ಸಾವಕಾಶವಾಗಿ ಬಿಡಿಸಿ ಹೇಳಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ಇವರಿಗೆ ಹುಟ್ಟಿನಿಂದಲೇ ಸಡಿಲವಿತ್ತಂತೆ. ಆ ಎತ್ತರ, ನೀವು ಚಾಷ್ಟಿ ಮಾಡಿ ನಗುತ್ತಿದ್ದ ಆ ಉದ್ದುದ್ದ ಬೆರಳು, ಎಲ್ಲ ಅದರದೇ ಗುರುತಂತೆ. ಮಧ್ಯಾಹ್ನವೇ ಅದರ ಒಳಪದರ ಹರಿದಿತ್ತು, ಸಂಜೆ ಪೂರ್ತಿ ಒಡೆದು ಹೃದಯದ ಸುತ್ತ ರಕ್ತ ತುಂಬಿತು. "ನನ್ನ ಇಷ್ಟ ವರ್ಷದ ಸರ್ವಿಸಿನ್ಯಾಗ ಇಂಥಾದ್ದು ಮತ್ತೊಂದ ನೋಡಿಲ್ಲ ತಂಗಿ. ಉಂಡಿದ್ರೂ ಆಗತಿತ್ತು, ಉಪಾಸ ಇದ್ರೂ ಆಗತಿತ್ತು" ಎಂದರು. ಶುಭಮನ ಎದೆಯನ್ನೂ ತೋರಿಸಿದ್ದೇನೆ. ಅವನಿಗೆ ಏನೂ ಇಲ್ಲ, ವರ್ಷಕ್ಕೊಮ್ಮೆ ತೋರಿಸಬೇಕಷ್ಟೆ.

ಭರತೇಶ ಅಷ್ಟಕ್ಕೆ ಬಿಡಲಿಲ್ಲ. "ನೀರಿಲ್ದ ಎಷ್ಟ ಒದ್ದಾಡಿರಬೇಕ್ರಿ ಅವರು" ಎಂದ. ಡಾಕ್ಟರರು, "ನೀರಿಲ್ದ ಯಾಕ? ಹೊಟ್ಟ್ಯಾಗ ಅನ್ನದ ಅಗಳ ಇರಲಿಲ್ಲ, ಖರೆ ನೀರ ಇತ್ತು, ಬಟ್ಟಲದಷ್ಟು. ಅದರಾಗ ಒಂದ ಲವಂಗ. ಹೋಗೂಕಿಂತ ಸ್ವಲ್ಪ ಮೊದಲ ಕುಡದಾರ" ಎಂದರು. ಭರತೇಶ ನನ್ನ ಮುಖ ನೋಡಿದ. ನಾವೆಲ್ಲ ಬರೀ ಸೋಸಿದ ನೀರು ಕುಡಿಯುವವರು. ಕಾಸಿ ಲವಂಗ ಹಾಕಿ, ಶುದ್ಧ ಮಾಡಿ ಇಟ್ಟುಕೊಳ್ಳುವವರು ಮನೆಯಲ್ಲಿ ನೀವೊಬ್ಬರೇ. ಬಸ್ಸು ಘಟಪ್ರಭಾ ದಾಟುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಹೋದ ವಾರ ಮೂಡಲಗಿಯ ನಮ್ಮ ಹೊಲದಲ್ಲಿ ದುಡಿಯುವ ಶೆಟ್ಟೆವ್ವ ಬಂದಿದ್ದಳು. "ತಾರಾಬಾಯ್ಯಾರು ಒಪ್ಪತ್ತಿಗೊಂದ ತುತ್ತ ಉಣ್ಣಾಕತ್ತಾರ್ರಿ, ಎಲಬು ಎಣಿಸಬಹುದು. ಬಸದಿಗೂ ಹೋಗೂದಿಲ್ಲ. ನಾ ಮುರದೆ, ನಾ ಮುರದೆ ಅಂತ ತಮ್ಮಷ್ಟಕ್ಕ ತಾವ ಅಂತಿರತಾರ" ಎಂದು ನಿಮ್ಮ ಸುದ್ದಿ ಹೇಳಿದಳು. ಅದೇನೆಂದು ಅವಳಿಗೆ ತಿಳಿದಿರಲಿಲ್ಲ, ನನಗೂ ಆಗ ತಿಳಿಯಲಿಲ್ಲ. ಈಗ ತಿಳಿಯಿತು. ಹೊತ್ತು ಮುಳುಗಿದ ಮೇಲೆ ನಿಮ್ಮ ಕೈಯಾರೆ ನೀರು ಕುಡಿಸಿ ವ್ರತ ಮುರಿದಿರಿ, ಅದಕ್ಕೇ ಮಗ ಸತ್ತ ಎಂದು ನಂಬಿ ಒಬ್ಬರೇ ಒಣಗುತ್ತಿದ್ದೀರಿ.

ಅತ್ತೆಯವರೇ, ನಿಮ್ಮಂಥ ಮೊಂಡರನ್ನು ನಾನು ಕಂಡಿಲ್ಲ. ನೀರು ಕೊಡದ ತಾಯಿ ಎಂದು ಊರ ಮಂದಿ ಆಡಿಕೊಂಡರು, ಮಗನ ವ್ರತಕ್ಕೆ ಮಾತು ಬರಬಾರದೆಂದು ಅದನ್ನೂ ನುಂಗಿಕೊಂಡಿರಿ. ಆ ನೀರು ಅವರನ್ನು ಕೊಲ್ಲಲಿಲ್ಲ. ಇಷ್ಟು ದಿನ ಶುಭಮನ ಕೈಗೆ ನೀರಿನ ಲೋಟ ಕೊಡುವಾಗಲೆಲ್ಲ, ಇವರು ಒಣ ಬಾಯಲ್ಲಿ ಹೋದರಲ್ಲ ಎಂದೇ ನೆನಪಾಗುತ್ತಿತ್ತು. ನೀವು ಕುಡಿಸಿದ್ದೀರಿ ಎಂದು ತಿಳಿದ ಮೇಲೆ ಸ್ವಲ್ಪ ನಿದ್ದೆ ಬರುತ್ತಿದೆ. ಭರತೇಶನಿಗೆ ಗದರಿಸಿದ್ದೇನೆ, ಅವನು ಎಲ್ಲಿಯೂ ಬಾಯಿ ಬಿಡುವುದಿಲ್ಲ.

ಈ ವರ್ಷ ನಮಗೆ ಹಬ್ಬವಿಲ್ಲ. ಆದರೂ ದೀಪಾವಳಿಗೆ ಶುಭಮನನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತೇನೆ. ಅನ್ನ, ಸಾರು ಮಾಡುತ್ತೇನೆ. ನೀವು ಉಣ್ಣದೆ ನಾನು ಎಲೆ ಮುಟ್ಟುವುದಿಲ್ಲ. ಮೊಂಡತನದಲ್ಲಿ ನಾನೇನೂ ನಿಮಗೆ ಕಡಿಮೆಯಿಲ್ಲ.

ನಿಮ್ಮ ಸೊಸೆ,
ತ್ರಿಶಲಾ

ತಾ.ಕ.: ನಾವೆಲ್ಲ ಬಸದಿಯಲ್ಲಿದ್ದಾಗ ಇವರ ಹತ್ತಿರ ಇದ್ದವರು ನೀವೊಬ್ಬರೇ. ನೀರು ಕುಡಿದ ಮೇಲೆ ಏನಾದರೂ ಮಾತಾಡಿದರೇ? ನಾನು ಎಲ್ಲಿ ಎಂದು ಕೇಳಿದರೇ? ಕೇಳಿರದಿದ್ದರೂ ನಡೆದೀತು, ಇದ್ದದ್ದು ಇದ್ದ ಹಾಗೆ ಹೇಳಿ. ಅದನ್ನು ಹೇಳುವವರು ನನಗೆ ಈ ಲೋಕದಲ್ಲಿ ಬೇರೆ ಯಾರೂ ಇಲ್ಲ. ನಾನು ಬರುವವರೆಗಾದರೂ ಉಣ್ಣಿರಿ.