ಟೆಂಟಿನ ಸುತ್ತ ತೋಡಿದ ಕಾಲುವೆ

ಪುಣೆ, ಸೋಮವಾರ

ಕೊಂಡಾಬಾಯಿ ಮಾವಶಿಗೆ ಪರಾಗನ ನಮಸ್ಕಾರ.

ಶನಿವಾರ ಮಳೆಯಲ್ಲಿ ನಾಲ್ಕು ಬೈಕುಗಳಲ್ಲಿ ಬಂದು ನಿಮ್ಮ ಗದ್ದೆಯ ಮೇಲ್ಗಡೆ ಇಳಿಜಾರಿನ ಹುಲ್ಲಿನಲ್ಲಿ ಟೆಂಟು ಹಾಕಿದವರಲ್ಲಿ ನಾನೊಬ್ಬ, ಕೆಂಪು ಹೆಲ್ಮೆಟ್ಟಿನವನು. "ಮೊದ್ಲು ತಲೆ ಒರೆಸ್ಕೊಳ್ರೋ, ಕೋತಿಗಳಾ" ಎಂದು ಬೈದು ಬಿಸಿ ಭಾಕರಿ ರೊಟ್ಟಿ ಕೊಟ್ಟಿದ್ದಿರಿ.

ಬೆಳಿಗ್ಗೆ ನಿಮ್ಮ ಭತ್ತದ ಸಸಿಮಡಿ ಕೊಚ್ಚಿಹೋಗಿತ್ತು. "ಬದು ಒಡೆದೋನು ನೀನೇ, ನನ್ನ ಗದ್ದೆ ಮೇಲೇ ನಿನ್ನ ಕಣ್ಣು" ಎಂದು ನಿಮ್ಮ ಮೈದುನ ದಗಡೂ ಕಾಕಾರನ್ನು ಬಾಯಿಗೆ ಬಂದಂತೆ ಬೈದಿರಿ. ನಾವು ಕೇಳಿಯೂ ಕೇಳದವರಂತೆ ಟೆಂಟು ಮಡಿಸಿದೆವು.

ಬದುವನ್ನು ಯಾರೂ ಒಡೆದಿರಲಿಲ್ಲ ಮಾವಶಿ. ಟೆಂಟಿಗೆ ನೀರು ನುಗ್ಗದಿರಲೆಂದು ನಾನು ಸುತ್ತಲೂ ಕಾಲುವೆ ತೋಡಿ, ಅದರ ಬಾಯಿಯನ್ನು ಇಳಿಜಾರಿಗೆ ಬಿಟ್ಟಿದ್ದೆ. ಕೆಳಗೇನಿದೆ ಎಂದು ನೋಡಲಿಲ್ಲ. ಗುಡ್ಡದ ನೀರೆಲ್ಲ ಅದರಲ್ಲೇ ಇಳಿದು ನಿಮ್ಮ ಮಡಿಗೆ ನುಗ್ಗಿತು. ಗೆಳೆಯ ಮಂದಾರ "ಬಾಯಿ ಮುಚ್ಕೊಂಡು ಬೈಕ್ ಹತ್ತು" ಎಂದ. ಅವನು ಹೇಳದಿದ್ದರೂ ಹತ್ತುತ್ತಿದ್ದೆ.

ಬರುವ ಶನಿವಾರ ಬಸ್ಸಿನಲ್ಲಿ ಒಬ್ಬನೇ ಬರುತ್ತೇನೆ. ಊರಲ್ಲಿ ಯಾರ ಬಳಿ ಸಸಿ ಮಿಕ್ಕಿದೆಯೋ ವಿಚಾರಿಸಿಡಿ. ಹೊತ್ತು ತಂದು, ನೀವು ಹೇಳಿದಂತೆ ನೆಡುತ್ತೇನೆ. ಅದಕ್ಕೂ ಮೊದಲು ಈ ಪತ್ರವನ್ನು ದಗಡೂ ಕಾಕಾರ ಎದುರಿಗೆ ಯಾರಿಂದಲಾದರೂ ಗಟ್ಟಿಯಾಗಿ ಓದಿಸಿ.

ನನ್ನ ಬೈಕು ಕೆಸರಿನಲ್ಲಿ ಹೂತಾಗ ಹಿಂದಿನಿಂದ ನೂಕಿದವರು ಅವರೇ. ನೂಕುವ ಮೊದಲು ಕಾಲುವೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹುಷಾರಾಗಿ ಹೋಗಪ್ಪಾ, ದಾರಿ ಜಾರುತ್ತೆ" ಎಂದಷ್ಟೇ ಹೇಳಿದರು.

ನಿಮ್ಮ ಭಾಕರಿ ತಿಂದವನು,
ಪರಾಗ